ಪ್ರಭುರಾಜ ಮಾಸ್ತರರು ಬರೆದುಕೊಟ್ಟ ಚೀಟಿ

ಯಲಬುರ್ಗಾದಲ್ಲಿ ಮಕ್ಕಳನ್ನು ಕಾಲೇಜಿಗೆ ಹಚ್ಚಿದವರು ಪುಸ್ತಕ ಕೊಳ್ಳುವ ಮೊದಲು ಪ್ರಭುರಾಜ ಮಾಸ್ತರರ ಮನೆಗೊಮ್ಮೆ ಹೋಗಿಬರುವುದು ರೂಢಿಯಾಗಿತ್ತು. ಯಾವ ಗೈಡು ತರಬೇಕು, ಯಾವ ಮಾದರಿ ಪ್ರಶ್ನೆಪತ್ರಿಕೆ ಒಳ್ಳೆಯದು, ಯಾವುದು ಬರೀ ರದ್ದಿ ಎಂಬುದೆಲ್ಲ ಅವರ ನಾಲಿಗೆಯ ತುದಿಯಲ್ಲಿತ್ತು. ಹೊರಗಿನ ಕಟ್ಟೆಯ ಮೇಲೆ ಕುಳಿತು, ಅರ್ಧ ಹಾಳೆಯಲ್ಲಿ ಮೂರೋ ನಾಲ್ಕೋ ಹೆಸರು ಬರೆದು, ಕೆಳಗೊಂದು ಸಣ್ಣ ರುಜು ಹಾಕಿ ಕೊಡುತ್ತಿದ್ದರು. ಆ ಚೀಟಿ ಹಿಡಿದು ಕೊಪ್ಪಳಕ್ಕೋ ಗಂಗಾವತಿಗೋ ಹೋದರೆ ಅಂಗಡಿಯವರು ಬೇರೆ ಪುಸ್ತಕ ತೋರಿಸುವ ಗೋಜಿಗೇ ಹೋಗುತ್ತಿರಲಿಲ್ಲ.

ಅವರು ಹುಟ್ಟಿದ್ದು ಕುಷ್ಟಗಿಯ ಕಿರಾಣಿ ವ್ಯಾಪಾರಸ್ಥರ ಮನೆಯಲ್ಲಿ. ಅಣ್ಣತಮ್ಮಂದಿರು ತಕ್ಕಡಿ ಹಿಡಿದರು. ಇವರೊಬ್ಬರು ಕಲಬುರಗಿಗೆ ಹೋಗಿ ಇತಿಹಾಸದಲ್ಲಿ ಎಂ.ಎ. ಮಾಡಿ, ಯಲಬುರ್ಗಾದ ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕರಾದರು. ಇಪ್ಪತ್ತೇಳು ವರ್ಷ ಅದೇ ಕೋಣೆ, ಅದೇ ಕರಿಹಲಗೆ. ಶಾತವಾಹನರಿಂದ ಹಿಡಿದು ಏಕೀಕರಣದವರೆಗೆ ಪುಸ್ತಕ ಮುಟ್ಟದೆ ಪಾಠ ಹೇಳುವವರು. ನಡುವೆ ಹತ್ತು ವರ್ಷ ಬರೆದಿಟ್ಟ ಟಿಪ್ಪಣಿಗಳನ್ನು ಕೂಡಿಸಿ ಕೊಪ್ಪಳದ ಒಂದು ಸಣ್ಣ ಮುದ್ರಣಾಲಯದಲ್ಲಿ ಹಳದಿ ರಟ್ಟಿನ ಕೈಪಿಡಿಯೊಂದನ್ನು ಅಚ್ಚು ಹಾಕಿಸಿದರು. ಅದನ್ನು ಓದಿದ ಹುಡುಗರು ಪಿಯುಸಿ ಇತಿಹಾಸದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆಯುತ್ತಿದ್ದರು. ಸುತ್ತಲಿನ ನಾಲ್ಕು ತಾಲ್ಲೂಕಿನಲ್ಲಿ ಆ ಹಳದಿ ಪುಸ್ತಕ ಕಾಣದ ಕಾಲೇಜು ಇರಲಿಲ್ಲ. ಮಾಸ್ತರರಿಗೆ ಮಕ್ಕಳಿರಲಿಲ್ಲ. ಆ ಪುಸ್ತಕವನ್ನು ಅವರು ಕೈಗೆತ್ತಿಕೊಳ್ಳುತ್ತಿದ್ದ ರೀತಿ ನೋಡಿ ಹೆಂಡತಿ ಸುರೇಖಾ ಎದ್ದು ಒಳಗೆ ಹೋಗುತ್ತಿದ್ದಳು.

ಸಹನಾ ಅವರ ಕೋಣೆಗೆ ಬಂದದ್ದು ಮಂಗಳೂರಿನಿಂದ. ಕರಾವಳಿಯ ಮಂಗಳೂರಲ್ಲ, ಯಲಬುರ್ಗಾ ಸೀಮೆಯ ದೊಡ್ಡ ಹಳ್ಳಿ. ತಾಯಿ ಗಾಳೆಮ್ಮ ಅಲ್ಲಿನ ಸಾಲೆಯಲ್ಲಿ ಬಿಸಿಯೂಟ ಮಾಡುವವಳು. ತಂದೆ ಇರಲಿಲ್ಲ. ಹುಡುಗಿ ದಿನಾ ಬಸ್ಸಿನಲ್ಲಿ ಬಂದು ಮೊದಲ ಬೆಂಚಿನ ತುದಿಗೆ ಕೂರುತ್ತಿದ್ದಳು. ಮಾತು ಕಡಿಮೆ, ಪ್ರಶ್ನೆ ಹೆಚ್ಚು. ಒಮ್ಮೆ ಮಾಸ್ತರರು ಚಾಲುಕ್ಯರ ಪಾಠ ಮಾಡುವಾಗ ಎದ್ದು ನಿಂತು, "ಸರ್ರ, ರಾಜ ದತ್ತಿ ಕೊಟ್ಟ ಅಂತ ಶಾಸನ ಹೇಳತೈತಿ. ಆ ಹೊಲ ಅದಕ್ಕೂ ಮೊದಲ ಯಾರದಿತ್ತು?" ಎಂದು ಕೇಳಿದಳು. ಇಪ್ಪತ್ತೇಳು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಮಾಸ್ತರರು ಅವತ್ತು ಮನೆಗೆ ಹೋಗಿ ಸುರೇಖಾಳ ಮುಂದೆ, "ಒಂದು ಹುಡುಗಿ ಸಿಕ್ಕಾಳ ನೋಡು, ಇತಿಹಾಸ ಓದಾಕಂತನ ಹುಟ್ಟಿದಾಕಿ" ಎಂದಿದ್ದರು.

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸೇರಲು ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ ಬಂದದ್ದು ಆ ವರ್ಷವೇ. ಹೈದರಾಬಾದಿನಲ್ಲಿ ಪಿಯುಸಿ ಮುಗಿಸಿದವರಿಗೆ ಐದು ವರ್ಷದ ಎಂ.ಎ. ಇದೆ, ಪರೀಕ್ಷೆಯಲ್ಲಿ ಇತಿಹಾಸವನ್ನೇ ಒಂದು ವಿಷಯವಾಗಿ ಆರಿಸಿಕೊಳ್ಳಬಹುದು, ಕನ್ನಡದಲ್ಲೇ ಬರೆಯಬಹುದು ಎಂದು ಮಾಸ್ತರರೇ ಪೇಪರಿನಲ್ಲಿ ಓದಿ ಸಹನಾಳಿಗೆ ಹೇಳಿದರು. ಗಾಳೆಮ್ಮನನ್ನು ಒಪ್ಪಿಸಿದ್ದೂ ಅವರೇ. ಅವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, "ಅಷ್ಟು ದೂರ ಹೆಣ್ಣುಡುಗಿನ್ನ ಹೆಂಗ ಕಳಸ್ಲಿರಿ ಯಪ್ಪಾ" ಎಂದಾಗ, "ನಾ ಅದೀನಿ, ನೀ ಸುಮ್ಮನಿರವ್ವ" ಎಂದಿದ್ದರು.

ಅರ್ಜಿ ಹಾಕಿದ ವಾರಕ್ಕೆ ಸಹನಾ ಕೈಯಲ್ಲೊಂದು ಹಾಳೆ ಹಿಡಿದುಕೊಂಡು ಬಂದಳು. ಸೈಬರ್ ಅಂಗಡಿಯಲ್ಲಿ ಪರೀಕ್ಷೆಯ ಪಠ್ಯಕ್ರಮ ತೆಗೆಸಿಕೊಂಡು ಬಂದಿದ್ದಳು. ಇಂಗ್ಲಿಷಿನಲ್ಲಿತ್ತು.

"ಸರ್ರ, ಇದರಾಗಿನ ಪಾಠದ ಹೆಸರ ಬ್ಯಾರೆ ಅದಾವ. ನಮ್ಮ ಪುಸ್ತಕದಾಗಿನೂ ಅಲ್ಲ, ನಿಮ್ಮ ಕೈಪಿಡಿಯಾಗಿನೂ ಅಲ್ಲ. ಯಾವ ಪುಸ್ತಕ ತಗೊಳ್ಳಲಿರಿ?"

ಮಾಸ್ತರರು ಹಾಳೆಯ ಮೇಲೆ ಕಣ್ಣಾಡಿಸಿದರು. ಮಣಿಗಳು, ಇಟ್ಟಿಗೆಗಳು, ಮೂಳೆಗಳು. ಪ್ರವಾಸಿಗಳ ಕಣ್ಣಿನಲ್ಲಿ ಸಮಾಜ. ರೈತರು, ಜಮೀನ್ದಾರರು, ರಾಜ್ಯ. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ ಎಂದಲ್ಲ. ಬರುತ್ತಿತ್ತು, ಆದರೆ ನಿಧಾನ. ವಿದ್ಯಾರ್ಥಿನಿ ಎದುರಿಗೆ ನಿಂತಿರುವಾಗ ಬೆರಳಿಟ್ಟು ಓದಲು ಮನಸ್ಸು ಬರಲಿಲ್ಲ.

"ಹೆಸರು ಬ್ಯಾರೆ ಇರಬಹುದವ್ವ, ವಿಷಯ ಒಂದ" ಎಂದು ಹಾಳೆ ಮಡಿಚಿ ಕೊಟ್ಟರು. "ಇತಿಹಾಸ ಏನು ಎರಡ ಇರತಾವೇನು?"

ಅವಳು ಹಾಳೆ ತೆಗೆದುಕೊಂಡು ಹೋದಳು. ಆದರೂ ಆ ಮಾತು ಮಾಸ್ತರರ ತಲೆಯಲ್ಲಿ ಉಳಿದಿತ್ತು. ಮುಂದಿನ ಭಾನುವಾರ ಗಂಗಾವತಿಯ ಮಾವನ ಮನೆಗೆ ಹೋದಾಗ ರಫೀಯ ಪುಸ್ತಕದಂಗಡಿಗೆ ಹೊಕ್ಕರು. ರಫೀ ಅವರ ಹಳೆಯ ಶಿಷ್ಯ. ಅಂಗಡಿಗೆ ಬಂದರೆ ತಾನು ಎದ್ದು ಕುರ್ಚಿ ಬಿಟ್ಟುಕೊಡುವ ಮನುಷ್ಯ. ಪರೀಕ್ಷೆಯ ಹೆಸರು ಹೇಳಿದ್ದೇ ತಡ, ಒಳಗಿನ ಕಪಾಟಿನಿಂದ ಮೂರು ಭಾಗದ ದೊಡ್ಡ ಪುಸ್ತಕವನ್ನೂ ಅದರ ಜತೆಗೆ ಮಾಕ್ ಟೆಸ್ಟಿನ ಒಂದು ಪುಸ್ತಕವನ್ನೂ ತಂದು ಮುಂದಿಟ್ಟ.

"ಕೇಂದ್ರದ ಹನ್ನೆರಡನೇ ಕ್ಲಾಸಿನ ಪುಸ್ತಕರೀ ಇವು. ಪೇಪರ್ ಇದರ ಮ್ಯಾಲೇ ಬರತೈತಂತ. ಹುಬ್ಬಳ್ಳಿ, ಧಾರವಾಡದ ಹುಡುಗರು ಇದನ್ನ ಓದಾಕತ್ಯಾರಂತ ಹೋಲ್‌ಸೇಲಿನವರು ಹೇಳಿದ್ರು. ಮಾಕ್ ಟೆಸ್ಟಿನಾಗ ಹತ್ತು ಪೇಪರ್ ಅದಾವ. ಗಡಿಯಾರ ಇಟಗೊಂಡು ಬರಸಬೇಕು ನೋಡ್ರಿ."

ಮಾಸ್ತರರು ಒಂದು ಭಾಗ ತೆರೆದರು. ಚಿತ್ರಗಳು, ನಕ್ಷೆಗಳು, ಅಂಚಿನಲ್ಲಿ ಸಣ್ಣ ಅಕ್ಷರದ ಪ್ರಶ್ನೆಗಳು. ಎರಡು ಪುಟ ಓದಲು ನೋಡಿದರು. ರಫೀ ಮುಖ ನೋಡುತ್ತ ನಿಂತಿದ್ದ. ಆಗ ಅವರಿಗಾದದ್ದು ಏನೆಂದು ಅವರು ಆಮೇಲೆ ಎಷ್ಟೋ ಸಲ ತಮ್ಮನ್ನು ತಾವೇ ಕೇಳಿಕೊಂಡಿದ್ದಾರೆ. ಪುಸ್ತಕ ಅರ್ಥವಾಗಲಿಲ್ಲವೆಂದಲ್ಲ. ಈ ಪುಸ್ತಕ ನಿಜವಾದರೆ ತಮ್ಮ ಹಳದಿ ಪುಸ್ತಕ ಏನೂ ಅಲ್ಲ ಎಂಬುದು ಎಲ್ಲೋ ಒಳಗೆ ಹೊಳೆಯಿತು. ಹೊಳೆದದ್ದನ್ನು ಅಲ್ಲೇ ಒರೆಸಿಹಾಕಿದರು.

"ನಮ್ಮ ಹುಡುಗರಿಗೆ ಇದು ದಕ್ಕೂದಿಲ್ಲ ರಫೀ. ಬರೇ ಗೊಂದಲ ಆಗತೈತಿ" ಎಂದು ಪುಸ್ತಕ ಮುಚ್ಚಿದರು. ಬೇರೆ ಕಪಾಟಿನಿಂದ, ಸರ್ಕಾರಿ ನೌಕರಿಯ ಪರೀಕ್ಷೆ ಬರೆಯುವವರಿಗೆಂದು ಯಾರೋ ಕೂಡಿಸಿದ್ದ ಕನ್ನಡದ ಪ್ರಶ್ನೋತ್ತರ ಪುಸ್ತಕವೊಂದನ್ನು ತೆಗೆದುಕೊಂಡರು. ರಫೀ ಅದನ್ನು ಕಟ್ಟಿಕೊಡುತ್ತ, "ನಿಮಗಿಂತ ನನಗ ಹೆಚ್ಚು ಗೊತ್ತೇನ್ರಿ ಸರ್" ಎಂದ.

ಮರುದಿನ ಸಹನಾಳಿಗೆ ಚೀಟಿ ಬರೆದುಕೊಟ್ಟರು. ಒಂದನೆಯದು ಕೈಪಿಡಿ. ಎರಡನೆಯದು ಆ ಪ್ರಶ್ನೋತ್ತರ ಪುಸ್ತಕ. ಪುಸ್ತಕವನ್ನೂ ತಾವೇ ಕೊಟ್ಟರು. ಹುಡುಗಿ ಮೂರು ತಿಂಗಳು ಅವೆರಡನ್ನೂ ಅರೆದು ಕುಡಿದಳು. ಶನಿವಾರ ಮಧ್ಯಾಹ್ನ ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಒಪ್ಪಿಸುತ್ತಿದ್ದಳು. ನೂರು ಪ್ರಶ್ನೆ ಕೇಳಿದರೆ ತೊಂಬತ್ತೆಂಟಕ್ಕೆ ಉತ್ತರ. ಮಾಸ್ತರರಿಗೆ ಹಿಗ್ಗೋ ಹಿಗ್ಗು. ಪಠ್ಯಕ್ರಮದ ಹಾಳೆಯ ಮಾತನ್ನು ಅವಳು ಇನ್ನೊಮ್ಮೆ ಎತ್ತಿದ್ದಳು. "ಸೈಬರ್ ಅಂಗಡಿಯವರು ಕೇಂದ್ರದ ಪುಸ್ತಕ ಓದಬೇಕಂತಾರ. ಒಂದ್ ಸಲ ಅದನ್ನ ಯಾರತ್ರಾರ ಇಸಗೊಂಡು ನೋಡ್ಲಿರಿ?" ಎಂದು. "ಎರಡು ದೋಣಿಯಾಗ ಕಾಲಿಡಬ್ಯಾಡ" ಎಂದುಬಿಟ್ಟರು.

ಪರೀಕ್ಷೆ ಹುಬ್ಬಳ್ಳಿಯಲ್ಲಿ, ಆಷಾಢದ ಜಿಟಿಜಿಟಿ ಮಳೆಯ ದಿನ. ಮಾಸ್ತರರು ರಜೆ ಹಾಕಿ ತಾಯಿ ಮಗಳ ಜತೆ ಹೋದರು. ಒಳಗೆ ಬಿಡುವಾಗ ಸಹನಾ ಬಗ್ಗಿ ಅವರ ಕಾಲು ಮುಟ್ಟಿದಳು. ಗಾಳೆಮ್ಮ ಮತ್ತು ಅವರು ಗೇಟಿನ ಎದುರಿನ ಚಹಾದಂಗಡಿಯ ತಗಡಿನ ಕೆಳಗೆ ಕುಳಿತರು. ಪಕ್ಕದಲ್ಲಿ ಧಾರವಾಡದ ಕಡೆಯವರೊಬ್ಬರು ಮಗಳೊಡನೆ ಕುಳಿತಿದ್ದರು. ಆ ಹುಡುಗಿಯ ಪರೀಕ್ಷೆ ಮಧ್ಯಾಹ್ನದ ಪಾಳಿಯಲ್ಲಿತ್ತು. ಅವಳ ತೊಡೆಯ ಮೇಲೆ ರಫೀ ತೋರಿಸಿದ್ದ ಅದೇ ಮೂರು ಭಾಗದ ಪುಸ್ತಕ. ಅಂಚುಗಳೆಲ್ಲ ಪೆನ್ಸಿಲಿನ ಗೆರೆ, ಹಾಳೆಗಳ ಮೂಲೆ ಮಡಿಕೆ. ತಂದೆಯ ಕೈಯಲ್ಲಿ ಮಾಕ್ ಟೆಸ್ಟಿನ ಪುಸ್ತಕ.

"ನೋಡಬಹುದೇನ್ರಿ?" ಎಂದು ಮಾಸ್ತರರು ಕೇಳಿ ಇಸಕೊಂಡರು.

ಇಂಗ್ಲಿಷಿನ ಪ್ರಶ್ನೆ, ನಾಲ್ಕು ನಾಲ್ಕು ಉತ್ತರ. ಇಲ್ಲಿ ಅವಸರವಿರಲಿಲ್ಲ. ಒಂದೊಂದನ್ನೂ ನಿಧಾನವಾಗಿ ಓದಿದರು. ಮೊದಲನೆಯದಕ್ಕೆ ಉತ್ತರ ಗೊತ್ತಿರಲಿಲ್ಲ. ಎರಡನೆಯದಕ್ಕೂ ಇಲ್ಲ. ಐದನೆಯದು ಗೊತ್ತಿತ್ತು. ಇಪ್ಪತ್ತು ಪ್ರಶ್ನೆ ಮುಗಿಯುವಷ್ಟರಲ್ಲಿ ಅವರಿಗೆ ಖಾತ್ರಿಯಾಗಿ ಉತ್ತರ ತಿಳಿದಿದ್ದದ್ದು ನಾಲ್ಕಕ್ಕೆ. ಇಪ್ಪತ್ತೇಳು ವರ್ಷ ಇತಿಹಾಸ ಹೇಳಿದವರು.

"ಪೇಪರು ಇದೇ ಥರ ಬರತದೇನ್ರಿ?" ಎಂದರು.

"ಇದೇ ಥರ ರೀ. ಪಠ್ಯ ಇದೇ ಅಲ್ಲ? ಮೊದಲ ದಿನ ಬರೆದ ಹುಡುಗ್ರೂ ಹಂಗೇ ಹೇಳ್ಯಾರ" ಎಂದರು ಆ ಗೃಹಸ್ಥರು. "ನಿಮ್ಮ ಹುಡುಗಿ ಯಾವುದರಾಗ ತಯಾರಿ ಮಾಡ್ಯಾಳ?"

ಮಾಸ್ತರರು ಪುಸ್ತಕ ತಿರುಗಿ ಕೊಟ್ಟು ಗೇಟಿನ ಕಡೆ ನೋಡಿದರು. ಗೇಟು ಮುಚ್ಚಿತ್ತು. ಒಳಗೆ ಸಹನಾ ಕಂಪ್ಯೂಟರಿನ ಮುಂದೆ ಕುಳಿತು ಈಗ ಅಂಥವೇ ಪ್ರಶ್ನೆಗಳನ್ನು ಒಂದೊಂದಾಗಿ ನೋಡುತ್ತಿರಬೇಕು. ಎದ್ದು ಹೋಗಿ ಹೇಳುವಂತಿಲ್ಲ, ಕರೆದು ತರುವಂತಿಲ್ಲ. ಗಾಳೆಮ್ಮ ಗಂಟು ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ಮುಂದಿಟ್ಟಳು.

"ಮುಂಜಾನಿಯಿಂದ ಏನೂ ತಿಂದಿಲ್ಲ ನೀವು. ತಿನ್ರಿ ಸರ್ರ. ನೀವ ಇದ್ದಮ್ಯಾಲ ನನಗ ಏನ್ ಚಿಂತಿರಿ."

ಅವಳು ನೋಡುತ್ತಿದ್ದಾಳೆಂದು ರೊಟ್ಟಿಯನ್ನು ನೀರು ಕುಡಿಕುಡಿದು ನುಂಗಿದರು.

ಸಹನಾ ಹೊರಬಂದಾಗ ಮುಖ ಬಿಳಿಚಿತ್ತು. ಮಾಸ್ತರರ ಮುಖವನ್ನು ಒಂದು ಗಳಿಗೆ ನೋಡಿದಳು. "ಕಠಿಣ ಇತ್ರಿ" ಎಂದಳು. ಅಷ್ಟೇ. ಬಸ್ಸು ಗದಗ ದಾಟಿತು. ಈಗ ಹೇಳಬೇಕು, ಕುಕನೂರು ಬಂದಮೇಲೆ ಹೇಳಬೇಕು, ಇಳಿಯುವಾಗ ಹೇಳಬೇಕು ಎಂದು ಮಾಸ್ತರರು ಅಂದುಕೊಳ್ಳುತ್ತಲೇ ಇದ್ದರು. ತಾಯಿ ಮಗಳು ಮಂಗಳೂರಿಗೆ ಹೋಗುವ ಬಸ್ಸು ಹತ್ತಿ ಹೋದರು. ಹೇಳಲಿಲ್ಲ.

ಫಲಿತಾಂಶ ಬಂದಾಗ ಭಾಷೆಯಲ್ಲಿ, ಸಾಮಾನ್ಯ ಜ್ಞಾನದಲ್ಲಿ ಒಳ್ಳೆಯ ಅಂಕವೇ ಇದ್ದವು. ಮುಳುಗಿಸಿದ್ದು ಇತಿಹಾಸ. ಹೈದರಾಬಾದಿನ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಕಾಲೇಜಿನಿಂದ ಟಿ.ಸಿ. ಒಯ್ಯಲು ಗಾಳೆಮ್ಮ ಮಗಳ ಜತೆ ಬಂದಳು. ಸ್ಟಾಫ್ ರೂಮಿನಲ್ಲಿ ಇನ್ನೂ ನಾಲ್ಕೈದು ಮಂದಿ ಉಪನ್ಯಾಸಕರಿದ್ದರು. ಗಾಳೆಮ್ಮ ಬಾಗಿಲಲ್ಲೇ ನಿಂತು ಕೇಳಿದಳು.

"ಸರ್ರ, ಖರೇ ಹೇಳ್ರಿ. ನೀವು ಅಷ್ಟ ಕಷ್ಟಪಟ್ಟು ಹೇಳಿಕೊಟ್ರಿ, ಪುಸ್ತಕ ತಂದು ಕೊಟ್ರಿ. ಬ್ಯಾರೆ ಎಲ್ಲಾದ್ರಾಗೂ ಬಂದು ನಿಮ್ಮ ವಿಷಯದಾಗ ಹೋಗೇತಿ ಅಂದ್ರ ಹೆಂಗ? ಈಕಿ ಓದಿಲ್ಲ, ಹೌದಲ್ರಿ?"

ಎಲ್ಲರೂ ಇವರ ಕಡೆ ತಿರುಗಿದರು. ಸಹನಾ ತಾಯಿಯ ಹಿಂದೆ ನಿಂತಿದ್ದಳು. ತಲೆ ತಗ್ಗಿಸಿರಲಿಲ್ಲ. ನೆಟ್ಟಗೆ ಮಾಸ್ತರರನ್ನೇ ನೋಡುತ್ತಿದ್ದಳು. ಕೇಳುವವಳ ಹಾಗೆ.

ಒಂದೇ ಮಾತು. ಓದಿದ್ದಳವ್ವ, ಪುಸ್ತಕ ತಪ್ಪು ಕೊಟ್ಟವನು ನಾನು. ಅಷ್ಟು ಹೇಳಲು ಎಷ್ಟು ಹೊತ್ತು ಬೇಕು? ಮಾಸ್ತರರ ಬಾಯಿಂದ ಬಂದದ್ದು ಬೇರೆ.

"ಇನ್ನೊಂದೀಟು ಓದಬೇಕಾಗಿತ್ತವ್ವ. ಇರಲಿ, ಆಕಿ ಹಣೆಬರಹ."

ಸಹನಾ ಕಣ್ಣು ಕೆಳಗೆ ಮಾಡಿದಳು. ತಾಯಿ ಅಲ್ಲೇ ಅವಳ ರಟ್ಟೆ ಹಿಡಿದು ಜಗ್ಗಿ, "ಕೇಳಿದೇನು?" ಎಂದು ಹೊರಗೆ ಕರೆದುಕೊಂಡು ಹೋದಳು.

ಆ ಹುಡುಗಿ ಕೊಪ್ಪಳದಲ್ಲಿ ಬಿ.ಎ.ಗೆ ಸೇರಿದಳೆಂದು ಆಮೇಲೆ ಗೊತ್ತಾಯಿತು. ಅರ್ಥಶಾಸ್ತ್ರ, ಸಮಾಜಶಾಸ್ತ್ರ ತೆಗೆದುಕೊಂಡಿದ್ದಳಂತೆ. ಇತಿಹಾಸ ಬೇಡವೆಂದಳಂತೆ. ಆ ಸುದ್ದಿ ತಂದ ಅವಳ ಗೆಳತಿ ಸಹಜವಾಗಿಯೇ ಹೇಳಿ ಹೋದಳು. ಮಾಸ್ತರರು ಅವತ್ತು ಕ್ಲಾಸಿಗೆ ಹೋಗಿ ಹಾಜರಿ ಕೂಗಿ ಹೊರಬಂದರು. ಪಾಠ ಮಾಡಲಿಲ್ಲ.

ಗಂಗಾವತಿಗೆ ಹೋಗಿ ರಫೀಯ ಹತ್ತಿರ ಆ ಮೂರು ಭಾಗ, ಮಾಕ್ ಟೆಸ್ಟು ಎಲ್ಲ ತಂದರು. ತಂಗಿಯ ಮಗನಿಗೆ ಎಂದು ಸುಳ್ಳು ಹೇಳಿದರು. ನಿಘಂಟು ಪಕ್ಕದಲ್ಲಿಟ್ಟುಕೊಂಡು, ಐವತ್ತೈದರ ವಯಸ್ಸಿನಲ್ಲಿ, ಮೊದಲಿನಿಂದ ಓದತೊಡಗಿದರು. ಓದುತ್ತ ಹೋದಂತೆ ಇನ್ನೂ ಸಂಕಟವಾಯಿತು. ಏಕೆಂದರೆ ಆ ಪುಸ್ತಕದ ತುಂಬ ಸಹನಾ ಕೇಳುತ್ತಿದ್ದಂಥ ಪ್ರಶ್ನೆಗಳೇ ಇದ್ದವು. ದತ್ತಿ ಕೊಟ್ಟ ಹೊಲ ಮೊದಲು ಯಾರದು, ಶಾಸನದಲ್ಲಿ ಯಾರ ಹೆಸರಿಲ್ಲ, ಬರೆಯಲು ಬಾರದವರ ಇತಿಹಾಸವನ್ನು ಎಲ್ಲಿ ಹುಡುಕಬೇಕು. ಅವಳಿಗೆಂದೇ ಬರೆದಂತಿದ್ದ ಪುಸ್ತಕವನ್ನು ತಾವು ಕೈಯಾರೆ ಕಪಾಟಿಗೆ ತಿರುಗಿ ಇಡಿಸಿದ್ದರು.

ಒಂದೊಂದೇ ಪಾಠವನ್ನು ಕನ್ನಡಕ್ಕೆ ಇಳಿಸಿ ನೋಟ್‌ಬುಕ್ಕಿನಲ್ಲಿ ಬರೆದರು. ಎರಡು ವರ್ಷ ಹಿಡಿಯಿತು. ಹಳದಿ ಕೈಪಿಡಿಯನ್ನು ಮತ್ತೆ ಅಚ್ಚು ಹಾಕಿಸಲಿಲ್ಲ. ಕಟ್ಟೆಗೆ ಬಂದವರಿಗೆ ಚೀಟಿ ಬರೆದುಕೊಡುವುದನ್ನೂ ಬಿಟ್ಟರು. "ಮೊದಲ ಪರೀಕ್ಷೆಯ ಪಠ್ಯಕ್ರಮ ತಗೊಂಡು ಬರ್ರಿ, ಕೂಡಿ ಓದೂಣು, ಹಳೇ ಪೇಪರ್ ಎರಡು ಬರದು ನೋಡ್ಲಿ, ಆಮ್ಯಾಲ ಪುಸ್ತಕದ ಮಾತು" ಎನ್ನುತ್ತಿದ್ದರು. ಕೆಲವರು ಬೇಸರಪಟ್ಟುಕೊಂಡು ಹೋದರು. ಮಾಸ್ತರರಿಗೆ ವಯಸ್ಸಾಯಿತು, ಮೊದಲಿನ ಖಾತ್ರಿ ಇಲ್ಲ ಎಂದು ಆಡಿಕೊಂಡರು.

ಮೂರನೆಯ ವರ್ಷ ಯಲಬುರ್ಗಾದವಳೇ ಆದ ರೂಪಾ ಎಂಬ ಹುಡುಗಿ ಆ ನೋಟ್‌ಬುಕ್ಕುಗಳನ್ನು ಓದಿ, ಅವರ ಮುಂದೆ ಗಡಿಯಾರವಿಟ್ಟುಕೊಂಡು ಹತ್ತೂ ಮಾಕ್ ಟೆಸ್ಟು ಬರೆದು, ಹೈದರಾಬಾದಿನಲ್ಲಿ ಸೀಟು ಪಡೆದಳು. ಕಾಲೇಜಿನಲ್ಲಿ ಸಣ್ಣದೊಂದು ಸಮಾರಂಭ ಮಾಡಿದರು. ಮಾಸ್ತರರಿಗೆ ಶಾಲು ಹೊದಿಸಿ, ಹಾರ ಹಾಕಿದರು. ರೂಪಾ ಮೈಕಿನ ಮುಂದೆ ನಿಂತು, "ಸರ್ ಸರಿಯಾದ ಪುಸ್ತಕ ಕೊಡದಿದ್ದರೆ ನಾನು ಇಲ್ಲಿ ನಿಂತಿರುತ್ತಿರಲಿಲ್ಲ" ಎಂದಳು. ಚಪ್ಪಾಳೆ ಬಿತ್ತು. ಶಾಲಿನ ಕೆಳಗೆ ಮಾಸ್ತರರ ಮೈ ಬೆವರಿತು.

ಮನೆಗೆ ಬಂದು ಸುರೇಖಾಳ ಮುಂದೆ ಎಲ್ಲ ಹೇಳಿದರು. ರಫೀಯ ಅಂಗಡಿ, ಚಹಾದಂಗಡಿಯ ತಗಡು, ಸ್ಟಾಫ್ ರೂಮಿನ ಮಾತು. ಅವಳು ಸೊಪ್ಪು ಸೋಸುತ್ತ ಕೇಳಿದಳು. ಮುಗಿದಮೇಲೆ ಬುಟ್ಟಿ ಬದಿಗಿಟ್ಟಳು.

"ಮೂರು ವರ್ಷ ನೀವೊಬ್ಬರೇ ಇದನ್ನ ಇಟಗೊಂಡು ಕುಂತಿದ್ರೇನು?" ಎಂದಳು. "ನನಗ ಹೇಳಿ ಏನ್ ಬಂತ್ರಿ? ಹೇಳಬೇಕಾದವರಿಗೆ ಹೇಳ್ರಿ" ಎಂದಳು.

ಸಹನಾ ಈಗ ಕಾರಟಗಿಯ ಒಂದು ರೈಸ್ ಮಿಲ್ಲಿನಲ್ಲಿ ಕೆಲಸಕ್ಕಿದ್ದಾಳೆ, ಅಲ್ಲೇ ಇಬ್ಬರು ಹುಡುಗಿಯರ ಜತೆ ಕೋಣೆ ಮಾಡಿಕೊಂಡಿದ್ದಾಳೆ ಎಂದು ಅವಳ ಅದೇ ಗೆಳತಿಯಿಂದ ತಿಳಿದುಕೊಂಡು ಮಾಸ್ತರರು ಮರುದಿನವೇ ಬಸ್ಸು ಹತ್ತಿದರು. ಗಂಗಾವತಿ ದಾಟಿದರೆ ಎರಡೂ ಕಡೆ ಕಾಲುವೆಯ ನೀರು, ಹಸಿರು ಗದ್ದೆ. ಮಿಲ್ಲಿನ ಗೇಟಿನೊಳಗೆ ಭತ್ತದ ಚೀಲ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಗಾಡಿ ತೂಗುವ ಕಾಟಾದ ಪಕ್ಕದ ಗಾಜಿನ ಕೋಣೆಯಲ್ಲಿ ಸಹನಾ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಇವರನ್ನು ಕಂಡು ತಟ್ಟನೆ ಎದ್ದಳು.

"ಬರ್ರಿ ಸರ್ರ. ಕುಂದರ್ರಿ."

ತನ್ನ ಕುರ್ಚಿಯನ್ನೇ ಒರೆಸಿ ಕೊಟ್ಟು, ತಾನು ಸ್ಟೂಲಿನ ಮೇಲೆ ಕುಳಿತಳು. ಚಹಾ ತರಿಸಿದಳು. ಮಾಸ್ತರರು ಚಹಾ ಮುಟ್ಟದೆ ಹೇಳಲು ಶುರುಮಾಡಿದರು. ನಡುನಡುವೆ ಗಾಡಿ ಬಂದು ಹಾರ್ನ್ ಹೊಡೆದರೆ ಅವಳು ತೂಕ ನೋಡಿ ಚೀಟಿ ತೆಗೆದು ಕೊಟ್ಟು, ಮತ್ತೆ ಇವರ ಕಡೆ ತಿರುಗುತ್ತಿದ್ದಳು. ಕೊನೆಗೆ ಅವರು, "ನೀ ಓದಿದ್ದಿ. ತಪ್ಪು ನಂದು. ನನಗ ಅವತ್ತ ಹುಬ್ಬಳ್ಳಿಯಾಗ, ನೀ ಒಳಗ ಇದ್ದಾಗನ ಗೊತ್ತಾತವ್ವ" ಎಂದರು.

ಸಹನಾ ಅಳಲಿಲ್ಲ, ಸಿಟ್ಟಾಗಲಿಲ್ಲ.

"ನನಗೂ ಅವತ್ತ ಗೊತ್ತಾತ್ರಿ ಸರ್ರ" ಎಂದಳು. "ಮೂರನೇ ಪ್ರಶ್ನೆಗೇ ಗೊತ್ತಾತು. ಹಾಳಿ ತಂದು ತೋರಿಸಿದ್ನಲ್ರಿ ನಿಮಗ."

ಮಾಸ್ತರರು ಚಹಾದ ಲೋಟ ದೂರ ಸರಿಸಿದರು. "ಮತ್ತ ಯಾಕ ಹೇಳಲಿಲ್ಲ? ನನ್ನ ಮುಖದ ಮ್ಯಾಲ ಹೇಳಬೇಕಿತ್ತು. ಮುಂದಿನ ವರ್ಷ ಮತ್ತ ಬರೀಬಹುದಿತ್ತಲ್ಲ ನೀ."

"ಬರೀಬೇಕಂತನ ಇದ್ದೆ. ಅದಕ್ಕ ಅವ್ವನ್ನ ಕರಕೊಂಡು ಬಂದಿದ್ದೆ ಸ್ಟಾಫ್ ರೂಮಿಗೆ. ಟಿ.ಸಿ. ನಾ ಒಬ್ಬಾಕಿನ ಒಯ್ಯಬಹುದಿತ್ತು." ಅವಳು ಮೇಜಿನ ಮೇಲಿನ ಚೀಟಿಗಳನ್ನು ಸರಿಮಾಡಿದಳು. "ನೀವು ಹೇಳ್ತೀರಿ ಅಂದಕೊಂಡಿದ್ದೆ. ನೀವು ಪುಸ್ತಕ ತಪ್ಪಿತ್ತು ಅಂದಿದ್ರ ಅವ್ವ ಇನ್ನೊಂದು ವರ್ಷ ಬಿಡ್ತಿದ್ಲು. ನಾ ಹೇಳಿದ್ರ ನಂಬ್ತಿದ್ಲೇನ್ರಿ? ಸರ್ ಮ್ಯಾಲ ಹಾಕ್ತೀಯೇನು ಅಂತ ಬಡೀತಿದ್ಲು."

ಹೊರಗೆ ಇನ್ನೊಂದು ಟ್ರ್ಯಾಕ್ಟರು ಬಂದು ನಿಂತಿತು. ಅವಳು ಎದ್ದು ಹೋಗಿ ತೂಗಿ ಬಂದಳು. ಮಾಸ್ತರರು ಚೀಲದಿಂದ ತಾವು ಬರೆದ ನೋಟ್‌ಬುಕ್ಕುಗಳನ್ನು ತೆಗೆದು ಮೇಜಿನ ಮೇಲಿಟ್ಟಿದ್ದರು.

"ಈಗೂ ವ್ಯಾಳ್ಯಾ ಮೀರಿಲ್ಲವ್ವ. ಬಿ.ಎ. ಆಗೇತಿ. ಎಂ.ಎ.ಗೆ ಬ್ಯಾರೆ ಪರೀಕ್ಷಾ ಐತಿ. ನಾ ಹೇಳಿಕೊಡ್ತೀನಿ."

ಅವಳು ಮೇಲಿನ ನೋಟ್‌ಬುಕ್ಕು ತೆರೆದಳು. ಎರಡು ಪುಟ ಓದಿದಳು. ಓದುವಾಗ ಅವಳ ಹುಬ್ಬು ಮೊದಲ ಬೆಂಚಿನಲ್ಲಿ ಕುಳಿತಾಗಿನ ಹಾಗೆಯೇ ಕೂಡಿಕೊಂಡಿತು. ಆಮೇಲೆ ಮುಚ್ಚಿ ಮುಂದಕ್ಕೆ ಸರಿಸಿದಳು.

"ಛಲೋ ಬರದೀರಿ. ಯಾರಾರ ಓದೂ ಹುಡುಗ್ರಿಗೆ ಕೊಡ್ರಿ. ನನಗ ಅದು ಬ್ಯಾಡಾಗೇತಿ ಸರ್ರ. ಒಂದ ಒಂದು ಕೆಲಸ ಮಾಡ್ರಿ. ನಾ ಓದಿದ್ದೆ ಅಂತ ನಮ್ಮವ್ವಗ ಹೇಳ್ರಿ. ಈಗೂ ಹಬ್ಬಕ್ಕ ಹೋದ್ರ, ಬಂದವರ ಮುಂದ ಅದನ್ನ ಎತ್ತಿ ಆಡ್ತಾಳ. ಅದಕ್ಕ ನಾ ಹೋಗೂದನ್ನ ಕಡಿಮಿ ಮಾಡೀನಿ."

ಮಾಸ್ತರರು ಅಲ್ಲಿಂದ ಎದ್ದು ಹೊರಟಾಗ ಅವಳು ಗೇಟಿನವರೆಗೆ ಬಂದಳು. ಕಾಲು ಮುಟ್ಟಲಿಲ್ಲ. ಕೈ ಮುಗಿದಳು.

ಅವತ್ತು ತಡವಾಗಿತ್ತೆಂದು ಮಾವನ ಮನೆಯಲ್ಲೇ ಉಳಿದು, ಮರುದಿನ ಮಂಗಳೂರಿಗೆ ಹೋದರು. ಸಾಲೆಯಲ್ಲಿ ಮಕ್ಕಳ ಊಟ ಮುಗಿದು, ಗಾಳೆಮ್ಮ ಅಡುಗೆ ಕೋಣೆಯ ಹಿಂದೆ ದೊಡ್ಡ ಪಾತ್ರೆಗೆ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಇವರನ್ನು ಕಂಡು ಗಾಬರಿಯಾಗಿ ಎದ್ದು, "ಅಯ್ಯ, ಸರ್ರು! ಸಹನಾಗ ಏನಾರ ಆಗೇತೇನ್ರಿ?" ಎಂದಳು.

"ಏನೂ ಆಗಿಲ್ಲವ್ವ. ಅರಾಮ ಅದಾಳ. ನೀ ಕುಂದರು."

ಅವಳು ಕುಳಿತುಕೊಳ್ಳಲಿಲ್ಲ. ನಿಂತವಳಿಗೇ ಹೇಳಿದರು. ಈ ಸಲ ಸುತ್ತುಬಳಸಲಿಲ್ಲ. ಪುಸ್ತಕ ತಪ್ಪು ಆರಿಸಿದವನು ನಾನು. ಸರಿಯಾದದ್ದು ಕೈಗೆ ಬಂದಿತ್ತು, ಬಿಟ್ಟೆ. ಹುಡುಗಿ ಎರಡು ಸಲ ಕೇಳಿದಳು, ಬೇಡವೆಂದೆ. ಕೊಟ್ಟದ್ದನ್ನು ಅವಳು ಅಕ್ಷರ ಬಿಡದೆ ಓದಿದ್ದಳು. ಅವತ್ತು ಎಲ್ಲರ ಮುಂದೆ ನಾನು ಹೇಳಿದ್ದು ಸುಳ್ಳು.

ಗಾಳೆಮ್ಮನ ಕೈಯ ಬೂದಿ ನೀರು ತೊಟ್ಟಿಕ್ಕುತ್ತಿತ್ತು.

"ಅವತ್ತ ಮನಿಗೆ ಹೋಗಿ ಆಕಿನ್ನ ಬಡದೆನ್ರಿ" ಎಂದಳು. "ಹತ್ತೊಂಬತ್ತು ವರ್ಷದ ಹುಡುಗಿ. ಒಲಿ ಮುಂದ ಇದ್ದ ಕಟಗಿ ತಗೊಂಡು ಬಡದೆ. ಸರ್ ಮಾರಿ ಕೆಡಿಸಿದಿ ಅಂತ. ಆಕಿ ಒಂದ ಮಾತು ಆಡಲಿಲ್ಲ. ಬಾಯಿ ಬಿಡಲಿಲ್ಲ ನೋಡ್ರಿ ಯಪ್ಪಾ, ಬಡಿಸಿಕೊಂಡಳು."

ಮಾಸ್ತರರಿಗೆ ಇದು ಗೊತ್ತಿರಲಿಲ್ಲ. ಸಹನಾ ಹೇಳಿರಲಿಲ್ಲ. "ತಪ್ಪಾತವ್ವ" ಎಂದರು.

ಗಾಳೆಮ್ಮ ಅವರನ್ನು ಬೈಯುವಳೆಂದು, ಅಳುವಳೆಂದು ಅವರು ಕಾದರು. ಅವಳು ಅವರ ಕಡೆ ನೋಡಲೂ ಇಲ್ಲ. ಕೊಡದ ನೀರು ಬಗ್ಗಿಸಿ ಮೊಣಕೈವರೆಗೆ ಕೈ ತೊಳೆದುಕೊಂಡಳು. ಸೆರಗಿನಿಂದ ಒರೆಸಿ, ಜತೆಗೆ ಕೆಲಸ ಮಾಡುವ ಅಮರಮ್ಮನನ್ನು ಕೂಗಿ, "ಪಾತ್ರಿ ನೀ ತಿಕ್ಕವಾ, ನಾ ಮಗಳ ಕಡೆ ಹೊಂಟೆ" ಎಂದಳು. ಆಮೇಲೆ ಇವರ ಕಡೆ ತಿರುಗಿದಳು.

"ಕಾರಟಗಿಗೆ ಹೋಗಬೇಕಂದ್ರ ಕೊಪ್ಪಳದ ಬಸ್ಸು ಹತ್ತಬೇಕೋ, ಯಲಬುರ್ಗಾದ್ದೋ? ನಾ ಆ ಕಡೆ ಹೋಗಿಲ್ರಿ."

"ಕೊಪ್ಪಳಕ್ಕ ಹೋಗಿ, ಅಲ್ಲಿಂದ ಗಂಗಾವತಿ. ನಾ ಬರ್ತೀನಿ ತಾಳವ್ವ, ಮುಟ್ಟಿಸಿ ಬರ್ತೀನಿ."

"ಬ್ಯಾಡ್ರಿ" ಎಂದಳು ಗಾಳೆಮ್ಮ. ದನಿಯಲ್ಲಿ ಬಿರುಸಿರಲಿಲ್ಲ, ಮೊದಲಿನ ಸಲಿಗೆಯೂ ಇರಲಿಲ್ಲ. "ಕೇಳಿಕೋತ ಹೋಗ್ತೀನಿ."

ಅವಳು ಚಪ್ಪಲಿ ಮೆಟ್ಟಿಕೊಂಡು ಸಾಲೆಯ ಬಯಲು ದಾಟಿ ಬಸ್‌ಸ್ಟ್ಯಾಂಡಿನ ಕಡೆ ಅವಸರದಿಂದ ನಡೆದಳು. ಒಳಗೆ ಮಕ್ಕಳು ಮಗ್ಗಿ ಕೂಗುತ್ತಿದ್ದವು. ಮಾಸ್ತರರು ಅಡುಗೆ ಕೋಣೆಯ ಕಟ್ಟೆಯ ಮೇಲೆ ಕುಳಿತರು. ಅಮರಮ್ಮ ಅವರು ಯಾರೆಂದು ತಿಳಿಯದೆ, ಕುಡಿಯಲು ಒಂದು ಲೋಟ ನೀರು ತಂದಿಟ್ಟು ಪಾತ್ರೆ ತಿಕ್ಕಲು ಹೋದಳು.